ಹಳೆಯ ಆರ್ಕೇಡ್ ಯಂತ್ರದ ಪರದೆ: ದೋಷ ಪತ್ತೆ ಮತ್ತು ದುರಸ್ತಿ

ನಾಣ್ಯ ಹಾಕಿ ಆಡುವ ವಿಡಿಯೊ ಆಟದ ದೊಡ್ಡ ಪೆಟ್ಟಿಗೆಗಳನ್ನು ಆರ್ಕೇಡ್ ಯಂತ್ರಗಳೆನ್ನುತ್ತಾರೆ. 1972ರಲ್ಲಿ ಅಟಾರಿ ಸಂಸ್ಥೆ ‘ಪಾಂಗ್’ ಆಟದ ಮೊದಲ ಮಾದರಿಯನ್ನು ಕಟ್ಟಿದಾಗ ಅದರೊಳಗೆ ಕೂಡಿಸಿದ್ದು ಅಂಗಡಿಯಿಂದ ಕೊಂಡು ತಂದ ಹಿಟಾಚಿ ಕಂಪನಿಯ ಕಪ್ಪು-ಬಿಳುಪು ಟಿವಿಯನ್ನು. 1980ರಲ್ಲಿ ‘ಪ್ಯಾಕ್‌ಮ್ಯಾನ್’ ಬರುವ ಹೊತ್ತಿಗೆ ಕೆನಡಾದ ಕಿಚನರ್ ನಗರದ ಎಲೆಕ್ಟ್ರೋಹೋಮ್, ಷಿಕಾಗೋದ ವೆಲ್ಸ್-ಗಾರ್ಡ್ನರ್ ಮೊದಲಾದ ಸಂಸ್ಥೆಗಳು ಆಟದ ಯಂತ್ರಗಳಿಗೆಂದೇ ಮಾನಿಟರ್ ತಯಾರಿಸತೊಡಗಿದ್ದವು. ಎಲೆಕ್ಟ್ರೋಹೋಮ್‌ನ ಜಿ07 ಮತ್ತು ವೆಲ್ಸ್-ಗಾರ್ಡ್ನರ್‌ನ ಕೆ4600 ಎಂಬ 19 ಇಂಚಿನ ಬಣ್ಣದ ಮಾದರಿಗಳು ಆ ಕಾಲದ ಅಮೆರಿಕದ ಯಂತ್ರಗಳಲ್ಲಿ ಹೇರಳವಾಗಿ ಬಳಕೆಯಾದವು. ಇಂದು ಸಂಗ್ರಾಹಕರ ಮನೆಗಳಲ್ಲಿಯೂ ವಸ್ತುಸಂಗ್ರಹಾಲಯಗಳಲ್ಲಿಯೂ ಉಳಿದಿರುವ ಯಂತ್ರಗಳ ದುರಸ್ತಿಯ ಮಾತು ಬಂದಾಗಲೆಲ್ಲ ಈ ಹೆಸರುಗಳು ಮತ್ತೆ ಮತ್ತೆ ಎದುರಾಗುತ್ತವೆ.

ಇಂಥ ಮಾನಿಟರಿನಲ್ಲಿ ಟಿವಿಯ ಟ್ಯೂನರ್ ಇಲ್ಲ, ಧ್ವನಿವಿಭಾಗವಿಲ್ಲ, ಹೊರಗವಚವೂ ಇಲ್ಲ. ಆಟದ ಬೋರ್ಡಿನಿಂದ ಕೆಂಪು, ಹಸಿರು, ನೀಲಿ ಬಣ್ಣಗಳ ಸಂಕೇತಗಳು ಬೇರೆ ಬೇರೆ ತಂತಿಗಳಲ್ಲಿ ನೇರವಾಗಿ ಬರುತ್ತವೆ; ಗೆರೆ ಎಲ್ಲಿ ಮೊದಲಾಗಬೇಕು, ಚಿತ್ರ ಎಲ್ಲಿ ಮುಗಿಯಬೇಕು ಎಂಬುದನ್ನು ತಿಳಿಸುವ ‘ಸಿಂಕ್’ ಸಂಕೇತ ಅವುಗಳ ಜೊತೆಗಿರುತ್ತದೆ. ಉಳಿದಂತೆ ಒಳಗಿನ ಕೆಲಸವೆಲ್ಲ ಪಿಕ್ಚರ್ ಟ್ಯೂಬಿನ ಹಳೆಯ ಟಿವಿಯದೇ. ಭಾರತದ ಟಿವಿಗಳಲ್ಲಿ ಕಿರಣವು ಸೆಕೆಂಡಿಗೆ 15,625 ಗೆರೆಗಳನ್ನು ಎಳೆಯುತ್ತಿದ್ದರೆ ಅಮೆರಿಕದ ಮಾದರಿಯಲ್ಲಿ ಅದು ಸುಮಾರು 15,734. ವ್ಯತ್ಯಾಸ ಅಷ್ಟು ಕಡಿಮೆಯಿರುವುದರಿಂದ, ಕರ್ನಾಟಕದ ಊರೂರುಗಳಲ್ಲಿ ಒಂದು ಕಾಲಕ್ಕೆ ಟಿವಿ ರಿಪೇರಿ ಮಾಡುತ್ತಿದ್ದ ಮೆಕ್ಯಾನಿಕ್‌ಗಳ ಅರಿವು ಈ ಯಂತ್ರಗಳಿಗೆ ಬಹುಪಾಲು ಹಾಗೆಯೇ ಒದಗುತ್ತದೆ.

ಟ್ಯೂಬಿನ ಹಿಂದಿನ ಸಪೂರ ಕುತ್ತಿಗೆಯಲ್ಲಿರುವ ಕ್ಯಾಥೋಡುಗಳನ್ನು ಹೀಟರ್ ಎಂಬ ತಂತು ಕಾಯಿಸಿದಾಗ ಅವುಗಳಿಂದ ಹೊರಡುವ ಎಲೆಕ್ಟ್ರಾನುಗಳು ಇಪ್ಪತ್ತು ಸಾವಿರ ವೋಲ್ಟಿಗೂ ಮಿಕ್ಕ ಸೆಳೆತಕ್ಕೆ ಒಳಗಾಗಿ ಮುಂಭಾಗದ ಫಾಸ್ಫರ್ ಲೇಪಕ್ಕೆ ಬಡಿದು ಬೆಳಕಾಗುತ್ತವೆ. ಕುತ್ತಿಗೆಯ ಬುಡದಲ್ಲಿ ಸುತ್ತಿರುವ ಯೋಕ್ ಎಂಬ ತಾಮ್ರದ ಸುರುಳಿಗಳಲ್ಲಿ ಒಂದು ಜೋಡಿ ಕಿರಣವನ್ನು ಅಡ್ಡಕ್ಕೂ ಇನ್ನೊಂದು ಜೋಡಿ ಉದ್ದಕ್ಕೂ ಬಾಗಿಸುತ್ತದೆ. ಪುಟ ಓದುವ ಕಣ್ಣು ಸಾಲಿನ ಕೊನೆ ಮುಟ್ಟಿ ಮರುಸಾಲಿಗೆ ಹಿಂತಿರುಗುವಂತೆ ಕಿರಣವು ಪ್ರತಿ ಗೆರೆಯ ಕೊನೆಯಲ್ಲಿ ಥಟ್ಟನೆ ಹಿಂದಕ್ಕೆ ಹಾರುತ್ತದೆ, ಮತ್ತು ಆ ಹಾರಿಕೆಯ ಕ್ಷಣದಲ್ಲಿ ಅಡ್ಡ ವಿಭಾಗದಲ್ಲಿ ಏಳುವ ವಿದ್ಯುತ್ ಮಿಡಿತವನ್ನೇ ಹಿಡಿದು ಫ್ಲೈಬ್ಯಾಕ್ ಟ್ರಾನ್ಸ್‌ಫಾರ್ಮರ್ (ಇಲ್ಲಿನ ಮೆಕ್ಯಾನಿಕ್‌ಗಳ ಬಾಯಲ್ಲಿ ಇಎಚ್‌ಟಿ) ಟ್ಯೂಬಿಗೆ ಬೇಕಾದ ಅತಿ ಹೆಚ್ಚಿನ ವೋಲ್ಟೇಜನ್ನು ತಯಾರಿಸುತ್ತದೆ. ದೋಷ ಪತ್ತೆಯ ಅರ್ಧದಷ್ಟು ತರ್ಕ ನಿಂತಿರುವುದು ಈ ಏರ್ಪಾಡಿನ ಮೇಲೆಯೇ: ಅಡ್ಡ ವಿಭಾಗ ನಿಂತರೆ ಪರದೆಯಲ್ಲಿ ಏನೂ ಮೂಡದು, ಉದ್ದ ವಿಭಾಗ ನಿಂತರೆ ಬೆಳಕು ಉಳಿಯುತ್ತದೆ, ಚಿತ್ರ ಮಾತ್ರ ಒಂದು ಗೆರೆಯಾಗಿ ಕುಗ್ಗುತ್ತದೆ. ಕಾವೇರಿದ ಸೋಲ್ಡರಿಂಗ್ ಐರನ್ ಹಿಡಿಯುವ ಮೊದಲು ಪರದೆಯನ್ನು ನಿಧಾನವಾಗಿ ನೋಡುವವರು ಈ ಕೆಲಸದಲ್ಲಿ ಗೆಲ್ಲುತ್ತಾರೆ.

ಅದಕ್ಕೂ ಮೊದಲು ಸುರಕ್ಷತೆಯ ಮಾತನ್ನು ವಿವರವಾಗಿಯೇ ಹೇಳಬೇಕಾಗುತ್ತದೆ. ಜಿ07ರಂಥ ಮಾನಿಟರ್‌ಗಳ ಸರ್ಕ್ಯೂಟ್ ಮನೆಯ ವಿದ್ಯುತ್ತಿನಿಂದ ಬೇರ್ಪಟ್ಟಿರುವುದಿಲ್ಲ. ಆದ್ದರಿಂದ ಪೆಟ್ಟಿಗೆಯ ತಳದಲ್ಲಿ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಇರಲೇಬೇಕು. ವೋಲ್ಟೇಜನ್ನು ಬದಲಿಸದೆ ಎರಡು ಸುರುಳಿಗಳ ನಡುವೆ ನೇರ ಸಂಪರ್ಕವನ್ನಷ್ಟೇ ಕಡಿಯುವ ಈ ಭಾಗವನ್ನು ಕೈಬಿಟ್ಟು ಮಾನಿಟರಿಗೆ ನೇರವಾಗಿ ವಿದ್ಯುತ್ ಕೊಟ್ಟರೆ ಸರ್ಕ್ಯೂಟ್ ಸುಡುವುದಲ್ಲದೆ ಮುಟ್ಟಿದವರ ಜೀವಕ್ಕೂ ಅಪಾಯ. ಎರಡನೆಯ ಅಪಾಯ ಟ್ಯೂಬಿನದೇ. ಅದರ ಗಾಜಿನ ಒಳಮೈಯ ವಾಹಕ ಲೇಪ ಮತ್ತು ಹೊರಮೈಯ ಗ್ರಾಫೈಟ್ ಲೇಪ ಸೇರಿ ಒಂದು ದೊಡ್ಡ ಕೆಪಾಸಿಟರ್ ಆಗುವುದರಿಂದ ಪ್ಲಗ್ ಕಿತ್ತ ಮೇಲೂ ವಿದ್ಯುತ್ತು ಅಲ್ಲಿ ಕುಳಿತಿರುತ್ತದೆ. ಅದನ್ನು ಇಳಿಸಲು, ದಪ್ಪ ಪ್ಲಾಸ್ಟಿಕ್ ಹಿಡಿಯ ಚಪ್ಪಟೆ ಸ್ಕ್ರೂಡ್ರೈವರಿಗೆ ತಂತಿಯ ಒಂದು ತುದಿಯನ್ನು ಬಿಗಿದು, ಇನ್ನೊಂದು ತುದಿಯನ್ನು ಟ್ಯೂಬಿನ ಬೆನ್ನಮೇಲೆ ಹಾದುಹೋಗುವ ಹೆಣೆದ ಅರ್ಥಿಂಗ್ ತಂತಿಗೆ ಸಿಕ್ಕಿಸಿ, ಒಂದು ಕೈಯನ್ನು ಬೆನ್ನ ಹಿಂದೆ ಇರಿಸಿಕೊಂಡು, ಸ್ಕ್ರೂಡ್ರೈವರಿನ ತುದಿಯನ್ನು, ಹೆಚ್ಚಿನ ವೋಲ್ಟೇಜು ಟ್ಯೂಬನ್ನು ಸೇರುವ ಆನೋಡ್ ಟೋಪಿಯ ರಬ್ಬರಿನಡಿ ಲೋಹ ತಾಗುವವರೆಗೆ ತೂರಿಸಬೇಕು. ತಂತಿಯನ್ನು ಸಿಕ್ಕಿಸಬೇಕಾದದ್ದು ಹೆಣೆದ ಅರ್ಥಿಂಗ್ ತಂತಿಗೇ ಹೊರತು ಬೋರ್ಡಿನ ಯಾವುದೋ ತಾಣಕ್ಕಲ್ಲ, ಏಕೆಂದರೆ ಬೋರ್ಡಿನ ಮೂಲಕ ಹರಿದ ವಿದ್ಯುತ್ತು ಟ್ರಾನ್ಸಿಸ್ಟರ್‌ಗಳನ್ನು ಬಲಿತೆಗೆದುಕೊಳ್ಳುತ್ತದೆ. ಗಾಜಿನೊಳಗೆ ಹೀರಿಕೊಂಡಿದ್ದ ಅಲ್ಪ ವಿದ್ಯುತ್ತು ಕೆಲವು ನಿಮಿಷಗಳಲ್ಲಿ ಮತ್ತೆ ಒಟ್ಟುಗೂಡುವುದುಂಟು. ಹಾಗಾಗಿ ಈ ಕ್ರಿಯೆಯನ್ನು ಎರಡನೆಯ ಬಾರಿ ಮಾಡದೆ ಟೋಪಿಯನ್ನು ಕಳಚುವುದು ಸಲ್ಲದು. ಕುತ್ತಿಗೆಯ ಗಾಜು ಬಹಳ ತೆಳು. ಅದಕ್ಕೆ ಸಿಕ್ಕಿಸಿರುವ ಬೋರ್ಡನ್ನು ಅಲುಗಾಡಿಸಿ ಎಳೆದು ಗಾಜು ಸೀಳಿದರೆ ಒಳಗೆ ಗಾಳಿ ನುಗ್ಗಿ ಟ್ಯೂಬ್ ಅಲ್ಲಿಗೇ ಮುಗಿಯುತ್ತದೆ.

ಈಗ ದೋಷಗಳತ್ತ ಬರಬಹುದು. ಇಡೀ ಚಿತ್ರ ಒಂದೇ ಒಂದು ಪ್ರಖರ ಗೆರೆಯಾಗಿ ಕುಗ್ಗಿಹೋಗುವುದು ಹೆಚ್ಚಾಗಿ ಕಾಣುವ ಕಾಯಿಲೆ. ಕಿರಣ ಅಡ್ಡಕ್ಕೆ ಓಡುತ್ತಿದೆ, ಟ್ಯೂಬಿಗೆ ಹೆಚ್ಚಿನ ವೋಲ್ಟೇಜು ದೊರೆಯುತ್ತಿದೆ, ಉದ್ದಕ್ಕೆ ಬಾಗಿಸುವ ವಿಭಾಗ ಮಾತ್ರ ಸುಮ್ಮನಾಗಿದೆ ಎಂಬುದು ಇದರ ಅರ್ಥ. ಪ್ಯಾಕ್‌ಮ್ಯಾನ್ ಪೆಟ್ಟಿಗೆಯಲ್ಲಿ ಒಂದು ತಿರುವಿದೆ: ಆ ಆಟದ ಚಿತ್ರ 224 ಚುಕ್ಕೆ ಅಗಲ, 288 ಚುಕ್ಕೆ ಎತ್ತರವಾಗಿರುವುದರಿಂದ ಮಾನಿಟರನ್ನೇ 90 ಡಿಗ್ರಿ ತಿರುಗಿಸಿ ನಿಲ್ಲಿಸಲಾಗಿದೆ. ಹಾಗಾಗಿ ಮಲಗಿರಬೇಕಾದ ಗೆರೆ ಆಟಗಾರನ ಕಣ್ಣಿಗೆ ನಿಂತ ಗೆರೆಯಾಗಿ ಕಾಣುತ್ತದೆ, ಮತ್ತು ಇದನ್ನು ಮರೆತ ಮೆಕ್ಯಾನಿಕ್ ಸರಿಯಾಗಿಯೇ ಇರುವ ಅಡ್ಡ ವಿಭಾಗವನ್ನು ತಡಕಾಡುತ್ತಾನೆ. ಗೆರೆ ಕಂಡೊಡನೆ ಮಾಡಬೇಕಾದ ಮೊದಲ ಕೆಲಸವೆಂದರೆ ಬೆಳಕನ್ನು ತಗ್ಗಿಸುವುದು ಅಥವಾ ಯಂತ್ರವನ್ನು ಆರಿಸುವುದು, ಏಕೆಂದರೆ ಇಡೀ ಪರದೆಗೆ ಹಂಚಿಹೋಗಬೇಕಾದ ಶಕ್ತಿಯೆಲ್ಲ ಒಂದೇ ಗೆರೆಯ ಮೇಲೆ ಬಿದ್ದು ಫಾಸ್ಫರ್ ಶಾಶ್ವತವಾಗಿ ಸುಟ್ಟುಹೋಗುತ್ತದೆ. ಕಾರಣ ಹಲವು ವೇಳೆ ಒಂದು ಬೆಸುಗೆಯಷ್ಟೇ. ಯೋಕ್‌ನ ತಂತಿಗಳು ಬೋರ್ಡಿಗೆ ಸೇರುವ ಪಿನ್ನುಗಳು ವರ್ಷಗಟ್ಟಲೆ ಕಾದು, ತಣಿದು, ಮತ್ತೆ ಕಾದು, ಅವುಗಳ ಸುತ್ತಲಿನ ಬೆಸುಗೆಯಲ್ಲಿ ಕೂದಲೆಳೆಯಷ್ಟು ಸಣ್ಣ ಉಂಗುರದಂಥ ಬಿರುಕು ಮೂಡಿರುತ್ತದೆ. ರಿಪೇರಿಯವರು ‘ಡ್ರೈ ಸೋಲ್ಡರ್’ ಎನ್ನುವುದು ಇದನ್ನೇ. ಭೂತಗನ್ನಡಿಯಲ್ಲಿ ನೋಡಿ, ಹಳೆಯ ಬೆಸುಗೆಯನ್ನು ಹೀರಿ ತೆಗೆದು ಹೊಸದನ್ನು ಹಾಕಿದರೆ ಎಷ್ಟೋ ಯಂತ್ರಗಳ ಚಿತ್ರ ಮರಳುತ್ತದೆ. ಮರಳದಿದ್ದರೆ ಉದ್ದ ವಿಭಾಗದ ಔಟ್‌ಪುಟ್ ಟ್ರಾನ್ಸಿಸ್ಟರ್‌ಗಳು, ಅವುಗಳ ಪಕ್ಕದ ದೊಡ್ಡ ರೆಸಿಸ್ಟರ್‌ಗಳು ಮತ್ತು ಕೆಪಾಸಿಟರ್‌ಗಳನ್ನು ಮಲ್ಟಿಮೀಟರಿನಿಂದ ಪರೀಕ್ಷಿಸಬೇಕಾಗುತ್ತದೆ. ಕೆ4600ರಲ್ಲಿ ವಿಭಾಗಗಳು ಸಿಕ್ಕಿಸಿ ತೆಗೆಯುವ ಪ್ರತ್ಯೇಕ ಬೋರ್ಡುಗಳಾಗಿರುವುದರಿಂದ ಅವುಗಳ ಸಂಪರ್ಕದ ಅಂಚುಗಳನ್ನು ಮೊದಲು ಶುಚಿಗೊಳಿಸುವುದು ಒಳ್ಳೆಯದು.

ಪರದೆ ಪೂರ್ತಿ ಕಪ್ಪಾಗಿದ್ದರೆ ಕಿವಿಗೂ ಕೆಲಸವಿದೆ. ಯಂತ್ರ ಹಚ್ಚಿದಾಗ ಗಾಜಿನ ಮೇಲೆ ಚಿಟಚಿಟ ಸದ್ದು ಕೇಳಿ, ಹತ್ತಿರ ಒಡ್ಡಿದ ಕೈಯ ರೋಮ ನಿಮಿರಿದರೆ ಹೆಚ್ಚಿನ ವೋಲ್ಟೇಜು ಇದೆ ಎಂದರ್ಥ. ಆಗ ಆಟದ ಬೋರ್ಡು, ಅದರ ಸಂಕೇತಗಳ ತಂತಿಗಳು, ಪರದೆಯ ಬೆಳಕನ್ನು ಹೊಂದಿಸುವ ‘ಸ್ಕ್ರೀನ್’ ತಿರುಪು ಇವುಗಳನ್ನು ಅನುಮಾನಿಸಬೇಕು. ಆ ಸದ್ದು ಕೇಳದೆ, ಫ್ಯೂಸೂ ಸುಟ್ಟಿದ್ದರೆ ಅಡ್ಡ ವಿಭಾಗದ ಔಟ್‌ಪುಟ್ ಟ್ರಾನ್ಸಿಸ್ಟರ್ ಶಾರ್ಟ್ ಆಗಿರುವ ಸಂಭವವೇ ಹೆಚ್ಚು. ಅದನ್ನು ಬದಲಿಸಿದ ಕೂಡಲೇ ನೇರವಾಗಿ ವಿದ್ಯುತ್ ಕೊಡುವುದು ಅವಿವೇಕ, ಏಕೆಂದರೆ ಅದನ್ನು ಕೊಂದದ್ದು ಒಳಗೇ ಶಾರ್ಟ್ ಆದ ಫ್ಲೈಬ್ಯಾಕ್ ಆಗಿದ್ದರೆ ಹೊಸ ಟ್ರಾನ್ಸಿಸ್ಟರ್ ಕ್ಷಣದಲ್ಲಿ ಸಾಯುತ್ತದೆ. ಫ್ಯೂಸಿನ ಜಾಗದಲ್ಲಿ ಹಳೆಯ ಬಗೆಯ ತಂತುವಿನ ಬಲ್ಬನ್ನು ಸರಣಿಯಾಗಿ ಜೋಡಿಸುವ, ‘ಸೀರೀಸ್ ಲ್ಯಾಂಪ್’ ಎಂದು ಟಿವಿ ರಿಪೇರಿಯವರೆಲ್ಲ ಬಲ್ಲ ಉಪಾಯ ಇಲ್ಲಿ ನೆರವಾಗುತ್ತದೆ: ಬಲ್ಬು ಮೊದಲಿಗೆ ಬೆಳಗಿ ಮಂಕಾದರೆ ಸದ್ಯಕ್ಕೆ ಕ್ಷೇಮ, ಪ್ರಖರವಾಗಿಯೇ ಉಳಿದರೆ ಶಾರ್ಟ್ ಇನ್ನೂ ಇದೆ. ಜಿ07ರ ಮೂಲ ಫ್ಲೈಬ್ಯಾಕ್ ಕೆಡುವುದಕ್ಕೆ ಹೆಸರಾದದ್ದು ಎಂಬುದನ್ನೂ ನೆನಪಿಡಬೇಕು.

ಒಂದು ಬಣ್ಣ ಕಾಣೆಯಾದಾಗ ತಪ್ಪು ಆಟದ ಬೋರ್ಡಿನದೋ ಮಾನಿಟರಿನದೋ ಎಂಬುದನ್ನು ಯಾವ ಉಪಕರಣವೂ ಇಲ್ಲದೆ ತಿಳಿಯಬಹುದು. ಯಂತ್ರವನ್ನು ಆರಿಸಿ, ಕೆಂಪು ಮತ್ತು ಹಸಿರು ಸಂಕೇತಗಳ ತಂತಿಗಳನ್ನು ಅದಲುಬದಲು ಮಾಡಿ ಮತ್ತೆ ಹಚ್ಚಿದಾಗ ಕಾಣೆಯಾಗುವ ಬಣ್ಣವೂ ಬದಲಾದರೆ ದೋಷ ಬೋರ್ಡಿನದು ಅಥವಾ ತಂತಿಯದು, ಬದಲಾಗದಿದ್ದರೆ ಮಾನಿಟರಿನದು. ಮಾನಿಟರಿನಲ್ಲಾದರೆ ಕುತ್ತಿಗೆಯ ಬೋರ್ಡಿನ ಬೆಸುಗೆ ಅಥವಾ ಆ ಬಣ್ಣದ ಟ್ರಾನ್ಸಿಸ್ಟರ್ ಕಾರಣವಾಗಿರುತ್ತದೆ. ಅದೇ ಟ್ರಾನ್ಸಿಸ್ಟರ್ ಶಾರ್ಟ್ ಆದರೆ ಆ ಬಣ್ಣ ಇಡೀ ಪರದೆಯನ್ನು ತುಂಬಿ ಕಿರಣ ಹಿಂತಿರುಗುವ ಹಾದಿಯ ಓರೆ ಗೆರೆಗಳೂ ಕಾಣಿಸುತ್ತವೆ.

ಚಿತ್ರದ ಒಂದು ಅಂಚು ಮಡಚುವುದು, ಬದಿಗಳು ಅಲೆಯಾಡುವುದು, ಗಾತ್ರ ಕುಗ್ಗುವುದು ಇವೆಲ್ಲ ಸಾಮಾನ್ಯವಾಗಿ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳ ಒಳದ್ರವ ಒಣಗಿದ ಗುರುತುಗಳು. ಒಂದು ಮಾನಿಟರಿಗೆ ಬೇಕಾದ ಇಂಥ ಎಲ್ಲ ಕೆಪಾಸಿಟರ್‌ಗಳನ್ನು ‘ಕ್ಯಾಪ್ ಕಿಟ್’ ಎಂದು ಒಟ್ಟಾಗಿ ಮಾರುತ್ತಾರೆ. ನಲವತ್ತು ವರ್ಷ ಬಿಸಿಯಲ್ಲಿ ಬೆಂದ ಬೋರ್ಡಿಗೆ ಅದು ಅಗತ್ಯವೇ ಹೌದು. ಆದರೆ ದೋಷವನ್ನು ಗುರುತಿಸದೆ ಮೊದಲೇ ಎಲ್ಲವನ್ನೂ ಬದಲಿಸಹೊರಟರೆ ಧನ-ಋಣ ತುದಿಗಳನ್ನು ತಿರುಗಿಸಿ ಹಾಕಿದ ಒಂದೇ ಒಂದು ಕೆಪಾಸಿಟರ್ ಹೊಸ ಕಾಯಿಲೆಯನ್ನು ಹುಟ್ಟಿಸಿ ಹಳೆಯದನ್ನು ಮರೆಮಾಡುತ್ತದೆ. ಕೆಲಸ ಮುಗಿದ ಮೇಲೆ ‘ಬಿ-ಪ್ಲಸ್’ ಎಂಬ ಮುಖ್ಯ ಡಿಸಿ ವೋಲ್ಟೇಜನ್ನು ಅಳೆದು ತಯಾರಕರು ಸೂಚಿಸಿದ ಮಟ್ಟಕ್ಕೆ, ಜಿ07ರಲ್ಲಾದರೆ 120 ವೋಲ್ಟಿಗೆ, ಹೊಂದಿಸಬೇಕು. ಚಿತ್ರ ಇನ್ನಷ್ಟು ಹೊಳೆಯಲಿ ಎಂದು ಅದನ್ನು ಏರಿಸಿದರೆ ಆನೋಡ್ ವೋಲ್ಟೇಜೂ ಏರಿ, ಟ್ಯೂಬಿನಿಂದ ಎಕ್ಸ್‌ಕಿರಣ ಹೊಮ್ಮುವ ಅಪಾಯವಿದೆ.

ರಿಪೇರಿಗೆ ಬಗ್ಗದ್ದು ಸುಟ್ಟ ಗುರುತು. ದಿನಕ್ಕೆ ಹತ್ತಾರು ಗಂಟೆ ಒಂದೇ ಚಿತ್ರವನ್ನು ತೋರಿಸಿದ ಪ್ಯಾಕ್‌ಮ್ಯಾನ್ ಪರದೆಗಳಲ್ಲಿ ಆಟದ ಚಕ್ರವ್ಯೂಹ ಯಂತ್ರ ಆರಿಸಿದಾಗಲೂ ಕಾಣುವಂತೆ ಅಚ್ಚೊತ್ತಿರುತ್ತದೆ. ಅಂಥ ಟ್ಯೂಬಿನ ಬದಲು ಎಲ್‌ಸಿಡಿ ಪರದೆ ಕೂಡಿಸುವುದು ಸುಲಭವಾದರೂ ಆ ಕಾಲದ ಚಿತ್ರಗಳ ಚುಕ್ಕೆಗಳು ಅದರಲ್ಲಿ ಒರಟು ಚೌಕಗಳಾಗಿಬಿಡುತ್ತವೆ. ಕಿರಣದ ಮೃದುವಾದ ಅಂಚು ಆ ಚಿತ್ರಗಳ ಅವಿಭಾಜ್ಯ ಅಂಗ, ಅದನ್ನು ಉಳಿಸಿಕೊಳ್ಳಲು ಪಡುವ ಶ್ರಮ ಸಾರ್ಥಕ. ಅದಕ್ಕಾಗಿ ಎಸೆದ ಟಿವಿಯೊಂದರ ಅದೇ ಅಳತೆಯ ಟ್ಯೂಬನ್ನು, ಕುತ್ತಿಗೆಯ ಪಿನ್ನುಗಳ ಜೋಡಣೆ, ಹೀಟರ್ ವೋಲ್ಟೇಜು, ಕಿರಣ ಬಾಗುವ ಕೋನ ಇವು ಹೊಂದುತ್ತವೆಯೇ ಎಂದು ನೋಡಿಕೊಂಡು ಕೂಡಿಸಬಹುದು. ಬಣ್ಣಗಳನ್ನು ಒಂದೆಡೆ ಕೂಡಿಸುವ ಕುತ್ತಿಗೆಯ ಅಯಸ್ಕಾಂತದ ಉಂಗುರಗಳನ್ನು ಕಾರ್ಖಾನೆಯಲ್ಲಿ ಆ ಟ್ಯೂಬಿಗೆಂದೇ ಹೊಂದಿಸಿ ಅಂಟಿಸಿರುವುದರಿಂದ, ಯೋಕ್‌ನ ಸುರುಳಿಗಳ ಅಳತೆ ಹಳೆಯದಕ್ಕೆ ಹತ್ತಿರವಿದ್ದರೆ ಟಿವಿಯ ಯೋಕನ್ನು ಬಿಚ್ಚದೆ ಟ್ಯೂಬಿನೊಂದಿಗೇ ತರುವುದು ಲೇಸು. ಗುರುತು ಬಿದ್ದ ಹಳೆಯ ಟ್ಯೂಬನ್ನೂ ಎಸೆಯಬೇಕಿಲ್ಲ. ದುರಸ್ತಿಯಾದ ಬೇರೆ ಬೋರ್ಡುಗಳನ್ನು ಮೊದಲ ಬಾರಿಗೆ ನಡೆಸಿ ನೋಡಲು ಕೆಲಸದ ಮೇಜಿನ ಮೇಲೆ ಅಂಥದೊಂದು ಟ್ಯೂಬ್ ಇದ್ದರೆ ಒಳ್ಳೆಯ ಟ್ಯೂಬನ್ನು ಅಪಾಯಕ್ಕೆ ಒಡ್ಡುವ ಪ್ರಮೇಯ ಬರುವುದಿಲ್ಲ.