ಐದು ಮಿಲಿಮೀಟರಿನ ನೊಣ, ಬೆನ್ನಿನ ಮೇಲೆ ಹಲ್ಲಿನ ಸಾಲು

ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ ತಾಳಗುಪ್ಪಕ್ಕೆ ಬನ್ನಿ. ಇಬ್ಬನಿ ಆರಿ, ಬಿಸಿಲು ಚುರುಕಾಗುವ ಹೊತ್ತಿಗೆ ಯಾರದಾದರೂ ಹಿತ್ತಿಲಲ್ಲಿ ಹೂಬಿಟ್ಟ ಕೊತ್ತಂಬರಿ ಮಡಿಯ ಮುಂದೆ ಅಲ್ಲಾಡದೆ ಕುಳಿತುಕೊಳ್ಳಿ. ಅಗೋ, ಬಂತು! ಅಕ್ಕಿ ಕಾಳಿನಷ್ಟು ಉದ್ದದ ಕಪ್ಪು ಜೀವವೊಂದು ಹೂವಿನಿಂದ ಎರಡು ಬೆರಳು ದೂರದಲ್ಲಿ ಗಾಳಿಯಲ್ಲೇ ನಿಂತುಬಿಟ್ಟಿದೆ. ರೆಕ್ಕೆ ಸೆಕೆಂಡಿಗೆ ನೂರಕ್ಕೂ ಹೆಚ್ಚು ಸಲ ಬಡಿಯುತ್ತಿದೆ, ಮೈ ಮಾತ್ರ ಇಟ್ಟಲ್ಲೇ ಇದೆ! ಕಣ್ಣು ಮಿಟುಕಿಸುವುದರೊಳಗೆ ಪಕ್ಕಕ್ಕೆ ಜಾರಿತು, ಮತ್ತೆ ನಿಂತಿತು, ಹೂವಿನ ಮೇಲೆ ಇಳಿದು ಪರಾಗ ಮೇಯತೊಡಗಿತು.

ಮಿಸ್ರಿ ಜೇನು ಅಂದುಕೊಂಡಿರಾ? ನಮ್ಮ ಕಡೆ ಬಹಳ ಜನ ಹಾಗೇ ಅಂದುಕೊಳ್ಳುತ್ತಾರೆ. ಗಾತ್ರ ಹೆಚ್ಚುಕಡಿಮೆ ಅಷ್ಟೇ, ಬಣ್ಣ ಕಪ್ಪು, ಕೆಲಸವೂ ಹೂವಿನ ಮೇಲೆಯೇ. ಆದರೆ ರೆಕ್ಕೆ ಎಣಿಸಿ ನೋಡಿ. ಜೇನಿಗೆ ನಾಲ್ಕು, ಇದಕ್ಕೆ ಎರಡೇ ಎರಡು. ಹಿಂದಿನ ಜೋಡಿ ಕೋಟ್ಯಂತರ ವರ್ಷಗಳ ವಿಕಾಸದಲ್ಲಿ ಕುಗ್ಗಿ, ತುದಿಯಲ್ಲಿ ಗುಂಡು ಹೊತ್ತ ಎರಡು ಪುಟ್ಟ ಕಡ್ಡಿಗಳಾಗಿದೆ. ವಿಜ್ಞಾನಿಗಳು ಅವನ್ನು ಹಾಲ್ಟೇರ್ ಎನ್ನುತ್ತಾರೆ. ರೆಕ್ಕೆಯ ಲಯದಲ್ಲೇ ಬಡಿಯುವ ಈ ಕಡ್ಡಿಗಳು ಮೈ ಯಾವ ಕಡೆ ವಾಲಿತು, ಎಷ್ಟು ತಿರುಗಿತು ಎಂದು ಕ್ಷಣಕ್ಷಣಕ್ಕೂ ನರಗಳಿಗೆ ತಿಳಿಸುತ್ತವೆ. ಗಾಳಿಯಲ್ಲಿ ನಿಲ್ಲುವ ವಿದ್ಯೆಯ ಗುಟ್ಟು ಅಲ್ಲಿದೆ! ಅಂದಮೇಲೆ ಇದು ಜೇನಿನ ಬಳಗದ್ದಲ್ಲ, ನೊಣ.

ಎಂಥ ನೊಣ? ಇಲ್ಲಿಂದ ಮುಂದೆ ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿ ಬೇಕು. ರೆಕ್ಕೆಯನ್ನು ಬೆಳಕಿಗೆ ಹಿಡಿದರೆ ನರಗಳ ನಡುವೆ ಇನ್ನೊಂದು ಗೆರೆ ಕಾಣುತ್ತದೆ. ಅದು ಎಲ್ಲಿಂದಲೂ ಹೊರಡದೆ, ಯಾವ ನರವನ್ನೂ ಸೇರದೆ ರೆಕ್ಕೆಯ ನಡುವೆಯೇ ಮುಗಿದುಹೋಗುತ್ತದೆ. ನಿಜವಾದ ನರವೇ ಅಲ್ಲ, ರೆಕ್ಕೆಯ ಪೊರೆಯಲ್ಲಿ ದಪ್ಪಗಾದ ಒಂದು ಮಡಿಕೆ! ಈ ಸುಳ್ಳು ನರ ಕಂಡರೆ ಅದು ಸಿರ್ಫಿಡೇ ಕುಟುಂಬದ ನೊಣ. ಜಗತ್ತಿನಾದ್ಯಂತ ಈ ಕುಟುಂಬದ ಸುಮಾರು 6,000 ಪ್ರಭೇದಗಳಿಗೆ ಹೆಸರಿಡಲಾಗಿದೆ. ಪರಾಗಸ್ಪರ್ಶದಲ್ಲಿ ಜೇನುಗಳ ನಂತರ ಹೆಸರು ಹೇಳಬೇಕಾದ ಬಳಗಗಳಲ್ಲಿ ಇದೂ ಒಂದು.

ಇನ್ನು ಮುಖಕ್ಕೆ ಬನ್ನಿ. ಹಳದಿ ಮುಖ, ಮುಂದಕ್ಕೆ ಚಾಚಿದ ಮೀಸೆಯ ಕೊನೆಯ ಗೆಣ್ಣು ಉದ್ದ, ಗಂಡಾದರೆ ಎರಡೂ ಕಣ್ಣುಗಳು ನೆತ್ತಿಯಲ್ಲಿ ಕೂಡಿಕೊಂಡಿರುತ್ತವೆ. ಆ ಕಣ್ಣಿನ ಮೇಲೆ ಕೂದಲು! ಬೆಳ್ಳಗಿನ ನವಿರು ಕೂದಲು, ಅದೂ ಮೇಲಿಂದ ಕೆಳಗೆ ಪಟ್ಟೆಪಟ್ಟೆಯಾಗಿ ನೆಟ್ಟ ಹಾಗೆ. ಮೊದಲ ಸಲ ಭೂತಗನ್ನಡಿಯಲ್ಲಿ ಅದನ್ನು ಕಂಡಾಗ ನಾನು ಉಸಿರು ಬಿಡುವುದನ್ನೇ ಮರೆತಿದ್ದೆ. ಇಷ್ಟೆಲ್ಲ ಸೇರಿದರೆ ಕುಲ ಪ್ಯಾರಾಗಸ್. ಫ್ರಾನ್ಸಿನ ಲಾತ್ರೇಯ್ 1804ರಲ್ಲಿ ಈ ಕುಲವನ್ನು ಗುರುತಿಸಿದರು. ಕಣ್ಣಿನ ಕೂದಲು ಪಟ್ಟೆಯಾಗಿರದೆ ಎಲ್ಲ ಕಡೆ ಒಂದೇ ಸಮ ಹರಡಿದ್ದರೆ ಅದು ಬೇರೆ ಉಪಕುಲ, ಪಾಂಡಾಸಿಯೋಪ್ತಾಲ್ಮಸ್. ಅದನ್ನು ಬೇರ್ಪಡಿಸಿದ್ದು ದಕ್ಷಿಣ ಆಫ್ರಿಕಾದ ಸ್ಟಕನ್‌ಬರ್ಗ್, 1954ರಲ್ಲಿ. ಐದು ಮಿಲಿಮೀಟರಿನ ನೊಣದ ಕಣ್ಣಿನ ಕೂದಲನ್ನು ನೋಡಿ ವಂಶ ವಿಂಗಡಿಸುವ ವಿದ್ಯೆ ಇದು!

ಬೆನ್ನಿನ ತುದಿಯಲ್ಲಿ, ಎದೆ ಮುಗಿದು ಹೊಟ್ಟೆ ಶುರುವಾಗುವಲ್ಲಿ, ಸ್ಕುಟೆಲ್ಲಮ್ ಎಂಬ ಪುಟ್ಟ ಗುರಾಣಿ ಇದೆ. ಅದರ ಅಂಚನ್ನು ನೋಡಿ. ಸಾಲಾಗಿ ಹಲ್ಲುಗಳು! ಆ ಹಲ್ಲುಗಳಿದ್ದರೆ ಪ್ಯಾರಾಗಸ್ ಸೆರೇಟಸ್, ಇಲ್ಲವೇ ಪ್ಯಾರಾಗಸ್ ಕ್ರೆನ್ಯುಲೇಟಸ್‌ನಂಥ ಅದರ ಹತ್ತಿರದ ನೆಂಟ. ಇವೆರಡರ ನಡುವೆ ಖಚಿತವಾಗಿ ತೀರ್ಮಾನಿಸಬೇಕಾದರೆ ಗಂಡು ನೊಣದ ಹೊಟ್ಟೆಯ ತುದಿಯನ್ನು ಪೊಟ್ಯಾಷಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ಮೆದುವಾಗಿಸಿ, ಜನನಾಂಗದ ಭಾಗಗಳನ್ನು ಸೂಜಿಯಿಂದ ಬಿಡಿಸಿ, ಸೂಕ್ಷ್ಮದರ್ಶಕದ ಕೆಳಗಿಟ್ಟು ಅವುಗಳ ಆಕಾರ ನೋಡಬೇಕು. ಹೊರಗೆ ಒಂದೇ ಅಚ್ಚಿನಂತೆ ಕಾಣುವ ಎರಡು ಪ್ರಭೇದಗಳು ಅಲ್ಲಿ ಬೇರೆ ಬೇರೆಯಾಗುತ್ತವೆ.

ಸೆರೇಟಸ್‌ಗೆ ಹೆಸರಿಟ್ಟವರು ಡೆನ್ಮಾರ್ಕಿನ ಫ್ಯಾಬ್ರಿಷಿಯಸ್, 1805ರಲ್ಲಿ. ಆಮೇಲೆ ಭಾರತದ ಸಿರ್ಫಿಡ್‌ಗಳನ್ನು ಒಂದು ಪುಸ್ತಕಕ್ಕೆ ತಂದವರು ಯಾರು ಗೊತ್ತೇ? ಒಬ್ಬ ಸಂಗೀತಗಾರ! ಲಂಡನ್ನಿನಲ್ಲಿ ಹುಟ್ಟಿ ಕಲ್ಕತ್ತೆಗೆ ಬಂದ ಎನ್ರಿಕೊ ಬ್ರುನೆಟ್ಟಿ ಸಂಗೀತವನ್ನೇ ವೃತ್ತಿ ಮಾಡಿಕೊಂಡು ನೊಣಗಳಿಗೆ ಬಾಳು ಮುಡಿಪಿಟ್ಟವರು. ‘ಫಾನಾ ಆಫ್ ಬ್ರಿಟಿಷ್ ಇಂಡಿಯಾ’ ಮಾಲೆಯಲ್ಲಿ 1923ರಲ್ಲಿ ಬಂದ ಅವರ ಸಂಪುಟವನ್ನು ಸಿರ್ಫಿಡ್ ಗುರುತಿಸುವವರು ಇಂದಿಗೂ ತೆರೆಯುತ್ತಾರೆ. ಉಪಖಂಡದ ಸಿರ್ಫಿಡ್‌ಗಳ ಪರಿಷ್ಕೃತ ಪಟ್ಟಿಯನ್ನು 2014ರಲ್ಲಿ ಪ್ರಕಟಿಸಿದವರು ಕರ್ನಾಟಕದ ಕೀಟತಜ್ಞ ಕುಮಾರ್ ಘೋರ್ಪಡೆ. ಅದರಲ್ಲಿ ಮುನ್ನೂರಕ್ಕೂ ಹೆಚ್ಚು ಪ್ರಭೇದಗಳಿವೆ. ಪಟ್ಟಿ ಅಚ್ಚಾದ ಪತ್ರಿಕೆಯ ಹೆಸರು ‘ಕೋಲ್ಮೇನಿಯಾ’. ಯಾವ ಕೋಲ್ಮನ್? ನಮ್ಮ ಅಡಿಕೆ ತೋಟಗಳ ಕೋಲ್ಮನ್! 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಶಿಲೀಂಧ್ರತಜ್ಞ ಮತ್ತು ಕೀಟತಜ್ಞನಾಗಿ ಬಂದ ಕೆನಡಾದ ಲೆಸ್ಲಿ ಕೋಲ್ಮನ್. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವುದನ್ನು ಮಲೆನಾಡಿಗೆ ಕಲಿಸಿಕೊಟ್ಟವರು ಅವರೇ. ಮಳೆಗಾಲದಲ್ಲಿ ಸಾಗರದ ಸೀಮೆಯ ಕೊನೆಗಾರ ಮದ್ದಿನ ಪೈಪು ಹಿಡಿದು ಮರ ಹತ್ತುವಾಗಲೂ, ಕೊತ್ತಂಬರಿ ಹೂವಿನ ಮೇಲಿನ ನೊಣಕ್ಕೆ ಹೆಸರು ಹುಡುಕುವಾಗಲೂ ನಮಗೆ ಎದುರಾಗುವುದು ಒಂದೇ ಹೆಸರು. ಎಂಥ ಸೋಜಿಗ!

ಹೆಸರು ಸಿಕ್ಕ ಕೂಡಲೇ ನೊಣದ ಬದುಕಿನ ಪುಟಗಳು ತೆರೆದುಕೊಳ್ಳುತ್ತವೆ. ತಾಯಿ ನೊಣಕ್ಕೆ ಪರಾಗ ಬೇಕೇಬೇಕು, ಅದರ ಪೌಷ್ಟಿಕಾಂಶ ಇಲ್ಲದೆ ಮೊಟ್ಟೆ ಬಲಿಯುವುದಿಲ್ಲ. ಬಾಯಿ ಗಿಡ್ಡ, ಆದ್ದರಿಂದ ಕೊತ್ತಂಬರಿಯಂಥ ಆಳವಿಲ್ಲದ ತೆರೆದ ಹೂಗಳೇ ಇಷ್ಟ. ಆದರೆ ಮೊಟ್ಟೆ ಇಡಲು ಹೋಗುವುದು ಪಕ್ಕದ ಅಲಸಂದೆ ಬಳ್ಳಿಗೆ, ಕಪ್ಪಗೆ ಹೇನು ಮುತ್ತಿದ ಕುಡಿಗೆ! ಮೊಟ್ಟೆಯಿಂದ ಹೊರಬಂದ ಮರಿಗೆ ಕಾಲಿಲ್ಲ, ಕಣ್ಣಿಲ್ಲ. ತಲೆಯನ್ನು ಅತ್ತಿತ್ತ ಆಡಿಸುತ್ತ ತಡಕಾಡಿ, ಹೇನೊಂದು ತಗುಲಿದೊಡನೆ ಬಾಯಿಯ ಕೊಕ್ಕೆಯಿಂದ ಕಚ್ಚಿ ಮೇಲೆತ್ತಿ ರಸ ಹೀರಿ ಸಿಪ್ಪೆ ಎಸೆಯುತ್ತದೆ. ಇನ್ನೊಂದು, ಮತ್ತೊಂದು. ದೊಡ್ಡದಾದ ಮೇಲೆ ಹೂವಿನ ಗೆಳೆಯ, ಮರಿಯಾಗಿದ್ದಾಗ ಬಳ್ಳಿಯ ಕಾವಲುಗಾರ!

ಇದೆಲ್ಲ ನಡೆಯುವುದು ನಾವು ದಿನಾ ಓಡಾಡುವ ಹಿತ್ತಿಲಲ್ಲಿ. ಅಲಸಂದೆಗೆ ಹೇನು ಬಂತೆಂದು ಔಷಧಿ ಹೊಡೆದರೆ ಹೇನಿನ ಜೊತೆ ಈ ಮರಿಯೂ ಸಾಯುತ್ತದೆ. ಹೇನು ಬೇಗನೆ ಮತ್ತೆ ಹೆಚ್ಚುತ್ತದೆ, ತಿನ್ನುವವರು ಮಾತ್ರ ಇರುವುದಿಲ್ಲ.

ಆದ್ದರಿಂದ ತಾಳಗುಪ್ಪ, ಸಾಗರ, ಹೊಸನಗರ, ತೀರ್ಥಹಳ್ಳಿಯ ಓದುಗರಲ್ಲಿ ಒಂದು ಬಿನ್ನಹ. ಔಷಧಿ ಕಲಸುವ ಮೊದಲು ಕುಡಿ ಎಲೆಯನ್ನು ತಿರುಗಿಸಿ ನೋಡಿ. ಹೇನಿನ ನಡುವೆ ಹಸಿರು ಅಥವಾ ಕಂದು ಬಣ್ಣದ ಕಾಲಿಲ್ಲದ ಮರಿ ಹರಿದಾಡುತ್ತಿದ್ದರೆ ಪಂಪನ್ನು ಕೆಳಗಿಡಿ. ಕೊತ್ತಂಬರಿಯನ್ನೆಲ್ಲ ಕಿತ್ತುಬಿಡದೆ ಒಂದು ಸಾಲನ್ನು ಹೂವಿಗೆ ಬಿಡಿ. ಶಾಲೆಗೆ ಹೋಗುವ ಮಕ್ಕಳ ಕೈಗೆ ಒಂದು ಭೂತಗನ್ನಡಿ ಕೊಡಿಸಿ. ಕಂಡ ನೊಣದ ಫೋಟೊ ತೆಗೆದು ಊರು, ದಿನಾಂಕ, ಹೂವಿನ ಹೆಸರು ಬರೆದಿಡಿ. ಕೇಳಿ ತಿಳಿಯಲು ಸಾಗರ ತಾಲ್ಲೂಕಿನ ಇರುವಕ್ಕಿಯಲ್ಲೇ ಕೆಳದಿ ಶಿವಪ್ಪ ನಾಯಕ ಕೃಷಿ ಮತ್ತು ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯವಿದೆ, ಬೆಂಗಳೂರಿನ ಹೆಬ್ಬಾಳದಲ್ಲಿ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋ ಇದೆ. ನಮ್ಮ ಮಲೆನಾಡಿನ ಹೂನೊಣಗಳ ಪಟ್ಟಿಯನ್ನು ನಾವೇ ಬರೆಯಬೇಕು, ಈ ಸುಗ್ಗಿಯಿಂದಲೇ ಶುರುಮಾಡೋಣ.