ವಿಮಾನಗಳ ಜೀರ್ಣೋದ್ಧಾರ

ಜೀರ್ಣೋದ್ಧಾರವೆಂದೊಡನೆ ನಮಗೆ ದೇವಾಲಯಗಳ ನೆನಪಾಗುವುದು ಸಹಜ. ಬೆಂಗಳೂರಿನ ಕುಶಲಕರ್ಮಿಗಳು ಅದನ್ನು ಯುದ್ಧವಿಮಾನಗಳಿಗೂ ಮಾಡಿ ತೋರಿಸಿದರು.

ಎರಡನೆಯ ಮಹಾಯುದ್ಧವು 1945ರಲ್ಲಿ ಮುಗಿದಾಗ ಕಾನಪುರದ ಚಕೇರಿಯಲ್ಲಿ ಲಿಬರೇಟರ್ ಎಂಬ ನಾಲ್ಕು ಎಂಜಿನುಗಳ ಬಾಂಬರ್ ವಿಮಾನಗಳು ಅನೇಕವಾಗಿ ಉಳಿದುವು. ಅಮೆರಿಕವು ಬ್ರಿಟಿಷರಿಗೆ ಎರವಲಿತ್ತವು. ಹಿಂದಿರುಗಿಸಬೇಕು, ಇಲ್ಲವೆ ಕೆಡಿಸಬೇಕು. ಬ್ರಿಟಿಷರು ಉಪಕರಣಗಳನ್ನು ಒಡೆದರು, ಎಂಜಿನುಗಳಿಗೆ ಮರಳು ಸುರಿದರು. ತಾವುಂಡು ಮಿಕ್ಕ ಅನ್ನಕ್ಕೆ ಮಣ್ಣು ಹಾಕಿದಂತಾಯಿತು!

1948ರಲ್ಲಿ ಬೆಂಗಳೂರಿನ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆಯವರು ಆ ರಾಶಿಯನ್ನು ಪರೀಕ್ಷಿಸಿ, ಒಂದರ ಅಂಗವನ್ನು ಮತ್ತೊಂದಕ್ಕೆ ಜೋಡಿಸಿ, ಹಾರಲು ಅವಶ್ಯವಾದಷ್ಟನ್ನು ಮಾತ್ರ ಅಲ್ಲಿಯೇ ಸರಿಪಡಿಸಿದರು. ಅರೆಜೀವದ ಆ ವಿಮಾನಗಳನ್ನು ಸುಮಾರು 1,500 ಕಿಲೋಮೀಟರು ದೂರ ಹಾರಿಸಿ ಬೆಂಗಳೂರಿಗೆ ತಂದವರು ಕಾರ್ಖಾನೆಯ ಚಾಲಕರಾದ ಜಮ್‌ಷೆಡ್ ಮುನ್ಷಿಯವರು. ನಡುದಾರಿಯಲ್ಲಿ ಎಂಜಿನು ನಿಂತರೆ ಗತಿಯೇನು? ಪ್ರತಿಯೊಂದು ಪ್ರಯಾಣವೂ ಪ್ರಾಣವನ್ನೇ ಪಣವಾಗಿಟ್ಟ ಸಾಹಸವೆನ್ನಬೇಕು. ಪೂರ್ಣ ದುರಸ್ತಿಯು ನಡೆದುದು ಬೆಂಗಳೂರಿನಲ್ಲಿ.

ಅದೇ ವರ್ಷದ ನವೆಂಬರಿನಲ್ಲಿ ಭಾರತೀಯ ವಾಯುಪಡೆಯ ಐದನೆಯ ಸ್ಕ್ವಾಡ್ರನ್ನು ಇವುಗಳಿಂದಲೇ ಆರಂಭವಾಯಿತು. ಪರರು ಬಿಸುಟ ವಿಮಾನಗಳು 1968ರವರೆಗೆ ನಮ್ಮ ಸೇವೆಯಲ್ಲಿದ್ದುವು. ಒಂದು ಈಗ ದೆಹಲಿಯ ಪಾಲಂ ಸಂಗ್ರಹಾಲಯದಲ್ಲಿದೆ. ಮತ್ತೊಂದನ್ನು ಭಾರತವು 1974ರಲ್ಲಿ ಬ್ರಿಟನ್ನಿನ ವಾಯುಪಡೆಯ ಸಂಗ್ರಹಾಲಯಕ್ಕೆ ಕಾಣಿಕೆಯಾಗಿತ್ತಿತು. ಒಡೆದವರ ನಾಡಿಗೆ ಅದು ಹಾರಿಕೊಂಡೇ ಹೋಯಿತು.