ಸವೆದ ಮರದ ನೆಲಕ್ಕೆ ಮರಳಿ ಹೊಳಪು

ಗಿರ್ಗಾಂವ್, ಫೋರ್ಟ್ ಕಡೆಯ ಹಳೆಯ ಕಟ್ಟಡಗಳಲ್ಲಿ ವಾಸಿಸುವ ನಮ್ಮವರಿಗೆ ಮರದ ನೆಲ ಹೊಸತೇನಲ್ಲ. ತೇಗದ ತೊಲೆ, ಅದರ ಮೇಲೆ ಹಲಗೆ. ನಾವಿಲ್ಲಿ ನಡೆದರೆ ಕೆಳಗಿನ ಮನೆಯವರಿಗೆ ಗೊತ್ತಾಗುತ್ತದೆ! ನಮ್ಮ ತಂದೆಯವರು ಪಗಡಿ ಕೊಟ್ಟು ಹಿಡಿದ ಮನೆಯ ನೆಲವೂ ಅಂಥದೇ. ಇಂದು ಅಂಥ ತೇಗ ಕೊಳ್ಳಲು ಬ್ಯಾಂಕ್ ಗುಮಾಸ್ತನ ಸಂಬಳ ಸಾಲದು.

ಬಾಗಿಲಿನಿಂದ ಅಡುಗೆಕೋಣೆಯವರೆಗೆ ಕಾಲುದಾರಿಯಂತೆ ಪಾಲಿಶ್ ಅಳಿದಿತ್ತು. ಬಂದ ಬಡಗಿ, "ಮೆಷಿನ್ ಹಾಕಿ ಪೂರಾ ಕೆರೆಯಬೇಕು" ಎಂದ. ನಾನು ಒಪ್ಪಲಿಲ್ಲ. ಪ್ರತಿ ಸಲ ಕೆರೆದಾಗಲೂ ಹಲಗೆ ತೆಳುವಾಗುತ್ತದೆ, ಮೊಳೆಯ ತಲೆ ಮೇಲೇಳುತ್ತದೆ. ಹೋದ ಮರ ಮರಳಿ ಬಾರದು.

ಮೊದಲು ಅಲ್ಲಲ್ಲಿ ಒಂದೊಂದು ಹನಿ ನೀರು ಹಾಕಿ ನೋಡಿ. ಹನಿ ಮುತ್ತಿನಂತೆ ನಿಂತರೆ ಪಾಲಿಶ್ ಇನ್ನೂ ಇದೆ. ಹೀರಿಕೊಂಡು ಮರ ಕಪ್ಪಾದರೆ ಅಲ್ಲಿ ಮುಗಿದಿದೆ. ಅಂಥ ಕಡೆ ನೀರು ಚೆಲ್ಲಿದರೆ ಹಲಗೆಗೆ ಇಳಿದು ತೊಲೆಗೂ ಕುತ್ತು, ಕೆಳಗಿನವರೊಡನೆ ಜಗಳವೂ ಖಾಯಂ. ಸ್ಪಿರಿಟ್ ಹನಿಗೆ ಹಳೆಯ ಪಾಲಿಶ್ ಅಂಟಂಟಾದರೆ ಅದು ಅರಗಿನದು. ಅದಕ್ಕೆ ಮತ್ತೆ ಅರಗಿನ ಪಾಲಿಶೇ ಸರಿ.

ನಮ್ಮದು ಪಾಲಿಯುರೆಥೇನ್. ಮೊದಲ ಸಲ ನಾನೇ ಎಡವಿದೆ. ಮನೆಯವರು ವರ್ಷಗಟ್ಟಲೆ ಮೇಣ ಹಚ್ಚಿ ಒರೆಸಿದ್ದರು. ಅದರ ಮೇಲೆಯೇ ಬಳಿದೆ, ತಿಂಗಳೊಳಗೆ ಮೀನಿನ ಪೊರೆಯಂತೆ ಎದ್ದಿತು. ಖರ್ಚೆಲ್ಲ ನೀರುಪಾಲು. ಎರಡನೆಯ ಸಲ ಟರ್ಪೆಂಟೈನ್ ಹಾಕಿದ ಬಿಳಿ ಬಟ್ಟೆಯಿಂದ, ಬಟ್ಟೆ ಕೊಳೆಯಾಗದಷ್ಟು ಒರೆಸಿದೆವು. ಒಣಗಿದ ಮೇಲೆ 220 ನಂಬರಿನ ಸ್ಯಾಂಡ್‌ಪೇಪರಿನಿಂದ ಮರದ ಎಳೆಯ ಗುಂಟ ಹಗುರವಾಗಿ ಉಜ್ಜಿದೆವು. ಹೊಳಪು ಮಂಕಾದರೆ ಸಾಕು. ಧೂಳು ತೆಗೆದು, ಬರಿಮರ ಕಾಣುವಲ್ಲಿಗೆ ಮೊದಲೊಂದು ಲೇಪ, ಒಣಗಿದ ಮೇಲೆ ಕೋಣೆಗೆಲ್ಲ ತೆಳುವಾಗಿ ಇನ್ನೊಂದು. ಒಳಮೂಲೆಯಿಂದ ಹಚ್ಚುತ್ತ ಬಾಗಿಲ ಕಡೆಗೆ ಬನ್ನಿ, ಇಲ್ಲದಿದ್ದರೆ ಮೂಲೆಯಲ್ಲೇ ಸಿಕ್ಕಿಬೀಳುತ್ತೀರಿ!

ಮಳೆಗಾಲದಲ್ಲಿ ಈ ಕೆಲಸ ಬೇಡ. ಹಸಿ ಹವೆಯಲ್ಲಿ ಲೇಪ ಬೇಗ ಒಣಗುವುದಿಲ್ಲ. ದೀಪಾವಳಿಯ ನಂತರದ ದಿನಗಳು ಉತ್ತಮ. ಕಿಟಕಿ ತೆರೆದಿಡಿ, ಗ್ಯಾಸ್ ಹಾಗೂ ದೇವರ ದೀಪ ಎರಡೂ ಬೇಡ. ಒರೆಸಿದ ಎಣ್ಣೆ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆಸೆಯಬೇಡಿ. ಅಗಸೆಎಣ್ಣೆಯಂಥವು ಹೀರಿದ ಬಟ್ಟೆ ತಾನಾಗಿ ಕಾದು ಹೊತ್ತಿಕೊಳ್ಳುವುದುಂಟು. ಬಯಲಲ್ಲಿ ಹರಡಿ ಒಣಗಿಸಿ.

ನಾವು ಎರಡು ರಾತ್ರಿ ಡೊಂಬಿವಿಲಿಯ ನೆಂಟರ ಮನೆಯಲ್ಲಿ ಕಳೆದೆವು. ನೆಲಹಾಸು ಹಾಸಲು ಎರಡು ವಾರ ಕಾಯುವುದು ಲೇಸು. ಮಗ ಕಾಯದೆ ಎಳೆದ ಕುರ್ಚಿಯ ಗೀರು ಕಿಟಕಿಯ ಕೆಳಗೆ ಈಗಲೂ ಇದೆ.